ಐದು ವರ್ಷದ ಮಗು ದತ್ತು ಬಂದಾಗ ಮನೆಯವರು ಮಾಡಬೇಕಾದ್ದು

ಮುಳಬಾಗಿಲು ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಹಾಲಿನ ಡೇರಿ ಸೆಕ್ರೆಟರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಊರೆಲ್ಲ ನನ್ನ ಮುಂದೆ ಕ್ಯಾನ್ ಹಿಡಿದು ಸಾಲು ನಿಲ್ಲುತ್ತದೆ. ಹಾಗಾಗಿ ನಮ್ಮ ಮನೆಗೆ ಮಗಳು ಬಂದ ವಿಷಯದಲ್ಲಿ ಊರಿನ ಅಷ್ಟೂ ಅಭಿಪ್ರಾಯ ನನಗೆ ಗೊತ್ತು, ನಾನು ಕೇಳದೇ ಇದ್ದರೂ. ಬಂದಾಗ ಅವಳಿಗೆ ಐದು ದಾಟಿತ್ತು. ಕಲಬುರಗಿ ಕಡೆಯ ಮಗು. ಈಗ ಮೂರನೇ ಕ್ಲಾಸು. ಹೆಸರು ಬರೆಯುವುದಿಲ್ಲ, ಅವಳ ಕಥೆ ಅವಳದು. ಅವಳಿಗೆ ಸಂಬಂಧಪಟ್ಟ ಕೆಲವು ವಿಷಯ ಪೂರ್ತಿ ಬಿಟ್ಟಿದ್ದೇನೆ.

ಈಚೆಗೆ ಸುತ್ತಮುತ್ತಲಿನವರು ಬಂದು "ಅಣ್ಣಾ, ಹೆಂಗೆ ಮಾಡಿದ್ರಿ?" ಅಂತ ವಿಚಾರಿಸುತ್ತಾರೆ. ಕೇಳುವುದೆಲ್ಲ ಕಾಗದಪತ್ರದ ಬಗ್ಗೆ. ಆದರೆ ಕಾಗದದ ಕೆಲಸ ತಡವಾದರೂ ಒಂದು ದಿನ ಮುಗಿಯುತ್ತದೆ. ಮಗು ಮನೆಗೆ ಬಂದ ಮೇಲೆ ಏನಾಗುತ್ತದೆ, ಏನು ಮಾಡಬೇಕು ಅಂತ ಯಾರೂ ಕೇಳುವುದಿಲ್ಲ. ನಾನು ಬರೆಯುತ್ತಿರುವುದು ಅದನ್ನೇ.

ಕಾಗದದ ಮಾತು, ಬೇಗ ಮುಗಿಸುತ್ತೇನೆ

ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ ಅಂತ ಇದೆ, ಎಲ್ಲರೂ ಕಾರಾ ಅನ್ನುತ್ತಾರೆ. ಅದರ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಗೊತ್ತಾಗದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಹೇಳಿಕೊಡುತ್ತಾರೆ. ಸೋಷಿಯಲ್ ವರ್ಕರ್ ಮನೆಗೆ ಬಂದು, ಮಾತಾಡಿಸಿ, ವರದಿ ಬರೆಯುತ್ತಾರೆ. ಆ ವರದಿ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಗಂಡ ಹೆಂಡತಿಯ ವಯಸ್ಸನ್ನು ಕೂಡಿಸಿ ನೋಡುತ್ತಾರೆ. ಎರಡು ವರ್ಷದೊಳಗಿನ ಮಗು ಬೇಕಾದರೆ ಒಟ್ಟು 85 ದಾಟಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100, ಅದಕ್ಕೂ ಮೇಲೆ 110. ನಮ್ಮಿಬ್ಬರದು ಕೂಡಿದರೆ 90 ದಾಟಿತ್ತು. ಹಾಗಾಗಿ ದೊಡ್ಡ ಮಗುವೇ ಅಂತ ಆಯಿತು. ಕೂಸು ಬೇಕು ಅಂತ ಕಾಯುವವರ ಸಾಲು ಬಹಳ ಉದ್ದ, ದೊಡ್ಡ ಮಕ್ಕಳನ್ನು ಕೇಳುವವರು ಕಡಿಮೆ. ಮಗುವಿನ ವಿವರ ಬಂದ ಮೇಲೆ 48 ಗಂಟೆಯೊಳಗೆ ಮಗುವನ್ನು ನಮ್ಮ ಹೆಸರಿಗೆ ಕಾದಿರಿಸಬೇಕು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶಕ್ಕೆ ಕೋರ್ಟಿಗೆ ಅಲೆಯುವುದು ಬೇಡ, ಡಿಸಿಯೇ ಕೊಡುತ್ತಾರೆ.

ಒಂದು ಎಚ್ಚರಿಕೆ. "ನರ್ಸಿಂಗ್ ಹೋಮಿನಲ್ಲಿ ಒಂದು ಮಗು ಇದೆ, ಅಷ್ಟು ಕೊಟ್ಟರೆ ಕೈಗೆ ಕೊಡ್ತಾರೆ" ಅಂತ ಯಾರಾದರೂ ಹೇಳಿದರೆ ಹತ್ತಿರ ಹೋಗಬೇಡಿ. ಕಾನೂನು ಬಿಟ್ಟು ದತ್ತು ಕೊಟ್ಟರೂ ತಗೊಂಡರೂ ಮೂರು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷ ದಂಡ, ಎರಡೂ ಆಗಬಹುದು. ಮಾರಾಟ ಅಂತ ಸಾಬೀತಾದರೆ ಐದು ವರ್ಷದವರೆಗೆ. ಜೈಲಿನ ಮಾತು ಪಕ್ಕಕ್ಕಿಡಿ. ಪೊಲೀಸರು ಬಂದು ಮಗುವನ್ನು ವಾಪಸ್ ಕರೆದುಕೊಂಡು ಹೋದರೆ ಆ ಮಗುವಿನ ಗತಿ ಏನು? ಸಾಕಲಾಗದ ತಾಯಿ ಯಾರಾದರೂ ಕಣ್ಣಿಗೆ ಬಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ದಾರಿ ತೋರಿಸಿ, ಇಂಥ ಮಕ್ಕಳ ವಿಷಯ ತೀರ್ಮಾನ ಮಾಡುವ ಸರ್ಕಾರಿ ಸಮಿತಿ ಅದು. ಅಲ್ಲಿ ಒಪ್ಪಿಸಿದರೆ ಮನಸ್ಸು ಬದಲಾಯಿಸಲು ಆ ತಾಯಿಗೆ 60 ದಿನ ಸಿಗುತ್ತದೆ. ಏಜೆಂಟ್ ಅದನ್ನು ಕೊಡುವುದಿಲ್ಲ.

ಆಯಾ ಹತ್ತಿರ ಕೂತು ಕೇಳಿ

ಮಗುವನ್ನು ನೋಡಲು ಅದು ಇರುವ ದತ್ತು ಕೇಂದ್ರಕ್ಕೆ ಹೋದಾಗ ಆಫೀಸಿನವರು ಫೈಲು ಕೊಡುತ್ತಾರೆ. ತೂಕ, ಲಸಿಕೆ, ರಕ್ತ ಪರೀಕ್ಷೆ ಎಲ್ಲ ಅದರಲ್ಲಿ ಇರುತ್ತದೆ. ಮಗು ಹೇಗೆ ಮಲಗುತ್ತದೆ ಅಂತ ಇರುವುದಿಲ್ಲ. ಅದು ಗೊತ್ತಿರುವುದು ಆಯಾಗೆ. ನಮ್ಮಾಕೆ ಆಯಾ ಪಕ್ಕ ನೆಲದ ಮೇಲೆ ಕೂತು ಸುಮಾರು ಹೊತ್ತು ಮಾತಾಡಿದಳು. ಏನು ತಿನ್ನುತ್ತಾಳೆ, ಯಾವುದಕ್ಕೆ ಹೆದರುತ್ತಾಳೆ, ಸ್ನಾನಕ್ಕೆ ಬಿಸಿನೀರೋ ತಣ್ಣೀರೋ, ಪಕ್ಕದಲ್ಲಿ ಯಾರು ಮಲಗುತ್ತಾರೆ, ಜಗಳ ಯಾರ ಜೊತೆ, ಅಳುವಾಗ ಯಾರ ಹತ್ತಿರ ಹೋಗುತ್ತಾಳೆ. ಗೆಳತಿಯ ಹೆಸರು ತಿಳಿದುಕೊಂಡು ಬಂದದ್ದು ಬಹಳ ಉಪಯೋಗಕ್ಕೆ ಬಂತು. ರಾತ್ರಿ ಅತ್ತಾಗ ಆ ಹುಡುಗಿಯ ಹೆಸರು ಹೇಳಿ "ಅವಳ ನೆನಪಾಯ್ತಾ?" ಅಂತ ಕೇಳಬಹುದಿತ್ತು.

ಮಗು ಹೊದ್ದುಕೊಳ್ಳುವ ಹೊದಿಕೆಯನ್ನೋ ಒಂದು ಹಳೇ ಫ್ರಾಕನ್ನೋ ಕೇಳಿ ತನ್ನಿ. ಮನೆಗೆ ಬಂದ ತಕ್ಷಣ ಒಗೆಯಬೇಡಿ. ಆ ವಾಸನೆಯೊಂದೇ ಅದಕ್ಕೆ ಪರಿಚಯದ್ದು. ಸಾಧ್ಯವಾದರೆ ಮೊದಲೇ ಒಂದು ಫೋಟೋ ಆಲ್ಬಂ ಕಳಿಸಿ. ಮನೆಯ ಬಾಗಿಲು, ಮಲಗುವ ಜಾಗ, ಹಸು, ಅಜ್ಜಿ, ಬಚ್ಚಲು. ನಮ್ಮ ಮಗಳು ಬಂದ ದಿನ ಗೇಟಿನ ಹತ್ತಿರ ನಿಂತು ನಮ್ಮ ಹಸು ತೋರಿಸಿ "ಇದು ಫೋಟೋದಾಗ ಐತಿ" ಅಂದಳು. ಅವತ್ತು ಬಾಯಿ ಬಿಟ್ಟದ್ದು ಅಷ್ಟಕ್ಕೇ.

ಹೆಸರು ಬದಲಾಯಿಸಬೇಡಿ. ಜೋಯಿಸರು ಅಕ್ಷರ ಹೇಳುತ್ತಾರೆ, ಮನೆದೇವರ ಹೆಸರು ಇಡಬೇಕು ಅನ್ನುತ್ತಾರೆ. ಐದು ವರ್ಷ ಒಂದು ಹೆಸರಿಗೆ ತಿರುಗಿ ನೋಡಿದ ಮಗು ಅದು. ಎಲ್ಲ ಬಿಟ್ಟು ಬರುವಾಗ ಜೊತೆಗೆ ಬರುವುದು ಹೆಸರೊಂದೇ.

ಬಂದ ವಾರವೇ ಶಾಮಿಯಾನ ಹಾಕಿಸಿ ಊಟ ಹಾಕಿಸುವುದೂ ಬೇಡ. ಖುಷಿ ನಿಮಗೆ, ಮಗುವಿಗೆ ಅದು ಬರೀ ಗದ್ದಲ. ಕೆಲವು ತಿಂಗಳು ತಡೆದು ಮಾಡಿ.

ಮೊದಲು ರೊಟ್ಟಿ, ಆಮೇಲೆ ಮುದ್ದೆ

ಕೋಲಾರ ಜಿಲ್ಲೆಯವರಿಗೆ ಮುದ್ದೆ ಇಲ್ಲದೆ ಊಟ ಇಳಿಯುವುದಿಲ್ಲ. ನಮ್ಮ ಮಗಳು ಮುದ್ದೆಯನ್ನು ಮುಟ್ಟಿ ನೋಡಿ ಕೈ ಒರೆಸಿಕೊಂಡಳು. "ನನಗ ಬ್ಯಾಡ್ರಿ." ಅಷ್ಟೇ. ನಮ್ಮಮ್ಮ "ಹಸಿವಾದರೆ ತಾನೇ ತಿಂತಾಳೆ ಬಿಡು" ಅಂದರು. ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಆ ಮಾತು ನಡೆಯುತ್ತದೇನೋ. ಹಸಿವು ಅಂದರೆ ಏನು ಅಂತ ಕಂಡು ಬಂದ ಮಗುವಿಗೆ ನಡೆಯುವುದಿಲ್ಲ.

ಕೋಲಾರದಿಂದ ಜೋಳದ ಹಿಟ್ಟು ತಂದೆ. ನಮ್ಮಾಕೆ ವಿಡಿಯೋ ನೋಡಿಕೊಂಡು ರೊಟ್ಟಿಗೆ ಇಳಿದಳು. ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕು, ಇಲ್ಲದಿದ್ದರೆ ಅಂಚು ಬಿರಿಯುತ್ತದೆ. ಬಿರಿದೇ ಬಿರಿಯಿತು. ಮಗು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಂದು ಕುಕ್ಕರುಗಾಲಲ್ಲಿ ಕೂತು, ಅಂಗೈ ಅಗಲಿಸಿ, "ಹಂಗಲ್ರಿ, ಹಿಂಗ ಬಡೀಬೇಕು" ಅಂತ ಹಿಟ್ಟಿನ ಮೇಲೆ ಪಟಪಟ ತಟ್ಟಿ ತೋರಿಸಿದಳು. ರೊಟ್ಟಿ ಅವತ್ತೂ ಮುರಿದೇ ಹೋಯಿತು, ಆದರೆ ಇಬ್ಬರೂ ಕೂತು ಅದೇ ಚೂರುಗಳನ್ನು ತಿಂದರು. ಮುದ್ದೆ ಒಳಗೆ ಹೋಗಿದ್ದು ಅವರೆಕಾಯಿ ಕಾಲ ಬಂದಾಗ, ಹಿತಕಿದ ಬೇಳೆ ಸಾರಿನ ಆಸೆಗೆ. ಈಗ ಬಿಸಿ ಮುದ್ದೆ ಇಲ್ಲದಿದ್ದರೆ ಕೂಗಾಡುತ್ತಾಳೆ.

ನಿಮ್ಮ ಮನೆಗೆ ಬರುವ ಮಗು ಎಲ್ಲಿಯದೋ ನೋಡಿ, ಅದರ ಊಟ ಒಂದನ್ನಾದರೂ ಕಲಿಯಿರಿ.

ಊಟ ಬಚ್ಚಿಡುವುದು ಇನ್ನೊಂದು. ದಿಂಬಿನ ಕೆಳಗೆ ಬಿಸ್ಕತ್ತು, ಲಂಗದ ಜೇಬಿನಲ್ಲಿ ಅನ್ನ. ನಮಗೆ ಗೊತ್ತಾಗಿದ್ದು ಇರುವೆ ಸಾಲಿನಿಂದ. ಇದಕ್ಕೆ ಕಳ್ಳತನ ಅನ್ನಬೇಡಿ, ಹುಡುಕಿ ತೆಗೆದು ಎದುರಿಗೆ ಹಿಡಿಯಬೇಡಿ. ಕೈಗೆ ಎಟುಕುವ ಗೂಡಿನಲ್ಲಿ ಮುಚ್ಚಳದ ಡಬ್ಬ ಇಡಿ. ಹುರಿದ ಕಡಲೆಬೀಜ, ಬಿಸ್ಕತ್ತು, ಬಾಳೆಹಣ್ಣು. "ಇದು ನಿನ್ನದು, ಯಾವಾಗ ಬೇಕಾದರೂ ತಗೋ, ಕೇಳೋದು ಬೇಡ" ಅಂತ ಹೇಳಿ. ಅದು ಖಾಲಿಯಾಗಲು ಬಿಡಬೇಡಿ. ಬಚ್ಚಿಡುವುದು ತಾನಾಗೇ ನಿಲ್ಲುತ್ತದೆ, ಸ್ವಲ್ಪ ಕಾಲ ಹಿಡಿಯುತ್ತದೆ ಅಷ್ಟೇ.

ಬಿದ್ದರೂ ಅಳದಿದ್ದರೆ

ಬಂದ ಹೊಸದರಲ್ಲಿ ಡೇರಿ ಮುಂದಿನ ಸಿಮೆಂಟಿನ ಮೇಲೆ ಓಡುತ್ತಾ ಬಿದ್ದಳು. ಮೊಣಕಾಲು ತರಚಿ ರಕ್ತ ಇಳಿಯುತ್ತಿತ್ತು. ಎದ್ದು ನಿಂತಳು. ಲಂಗದ ಅಂಚಿನಿಂದ ಒತ್ತಿ ಹಿಡಿದಳು. ನನ್ನ ಕಡೆ ನೋಡಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಹಾಲು ಹಾಕಲು ಬಂದಿದ್ದವರು "ಎಷ್ಟು ಗಟ್ಟಿ ಮಗು, ಅಳೋದೇ ಇಲ್ಲ!" ಅಂತ ಹೊಗಳಿದರು.

ಅದು ಗಟ್ಟಿತನ ಅಲ್ಲ. ಅತ್ತರೆ ಎತ್ತಿಕೊಳ್ಳುವವರು ಇದ್ದಾಗ ಮಾತ್ರ ಮಕ್ಕಳು ಅಳುತ್ತಾರೆ. ಒಬ್ಬ ಆಯಾಗೆ ಹತ್ತಾರು ಮಕ್ಕಳಿರುವ ಕಡೆ ಎಷ್ಟು ಅತ್ತರೂ ಸರದಿ ಬರುವುದಿಲ್ಲ. ಆಮೇಲೆ ಅಳುವುದನ್ನೇ ಬಿಡುತ್ತಾರೆ. ಅಂಥ ಮಗುವಿಗೆ ಗಾಯ ಚಿಕ್ಕದಿದ್ದರೂ ನೀವೇ ಹೋಗಿ ಕೂತು, ತೊಳೆದು, ಊದಿ, ಸಮಾಧಾನ ಮಾಡಬೇಕು. ಬೇಕಂತಲೇ ಸ್ವಲ್ಪ ಜಾಸ್ತಿ ಮಾಡಿ. ಸಣ್ಣ ಗೀರಿಗೂ ಅದು ಅಳುತ್ತಾ ನಿಮ್ಮ ಹತ್ತಿರ ಓಡಿ ಬಂದರೆ ಊರವರು "ಮುದ್ದು ಜಾಸ್ತಿ ಆಯ್ತು" ಅನ್ನುತ್ತಾರೆ. ನೀವು ಒಳಗೇ ಖುಷಿಪಡಿ.

ಇದಕ್ಕೆ ಉಲ್ಟಾ ಇನ್ನೊಂದಿದೆ. ಎಲ್ಲರ ಹತ್ತಿರವೂ ಹೋಗುವುದು, ಕಂಡವರ ಕೈ ಹಿಡಿಯುವುದು, ಅಪರಿಚಿತರ ತೊಡೆ ಏರುವುದು. ನೋಡುವವರಿಗೆ ಚೆಂದ. ನಿಜವಾಗಿ ಅದಕ್ಕೆ ಯಾರು ತನ್ನವರು ಅಂತ ಗೊತ್ತಿಲ್ಲ. ಇದಕ್ಕೆ ನಮಗೆ ಹೇಳಿಕೊಟ್ಟ ಉಪಾಯ ಒಂದೇ: ಮೊದಲ ಕೆಲವು ತಿಂಗಳು ಊಟ ಮಾಡಿಸುವುದು, ಸ್ನಾನ, ಎತ್ತಿಕೊಳ್ಳುವುದು, ಮಲಗಿಸುವುದು ಅಪ್ಪ ಅಮ್ಮ ಇಬ್ಬರೇ. ಬೇರೆಯವರು ಆಟ ಆಡಿಸಬಹುದು, ಕಥೆ ಹೇಳಬಹುದು. ಅಜ್ಜಿಗೆ ಇದನ್ನು ಹೇಳುವುದೇ ದೊಡ್ಡ ಕೆಲಸ. "ಅಮ್ಮಾ, ನೀನು ಎತ್ತಿಕೋಬಾರದು ಅಂತ ಅಲ್ಲ, ಮೊದಲು ಅವಳಿಗೆ ನಾವು ಯಾರು ಅಂತ ಗೊತ್ತಾಗಲಿ, ಆಮೇಲೆ ಪೂರ್ತಿ ನಿನ್ನ ಕೈಗೇ" ಅಂತ ನಾನು ಹೇಳಿದೆ. ನಮ್ಮಮ್ಮ ಎರಡು ದಿನ ಮುಖ ಗಂಟು ಹಾಕಿಕೊಂಡರು. ಆಮೇಲೆ ಹೂ ಕಟ್ಟುವುದನ್ನು ಕಲಿಸುತ್ತಾ ತಮ್ಮದೇ ದಾರಿ ಮಾಡಿಕೊಂಡರು.

ನಮ್ಮ ಗಡಿ ಕಡೆಯವರಿಗೆ ಇನ್ನೊಂದು ಮಾತು. ಅಮ್ಮ ಮತ್ತು ನಾನು ಮನೆಯಲ್ಲಿ ತೆಲುಗು ಮಾತಾಡುತ್ತೇವೆ. ಮಗುವಿಗೆ ಅದು ಬರುತ್ತಿರಲಿಲ್ಲ. ನಾವು ತೆಲುಗಿನಲ್ಲಿ ನಕ್ಕರೆ ಅವಳು ಊಟ ನಿಲ್ಲಿಸಿ ನಮ್ಮ ಮುಖವನ್ನೇ ನೋಡುತ್ತಿದ್ದಳು. ತನ್ನ ಬಗ್ಗೆಯೇ ಏನೋ ತೀರ್ಮಾನ ಆಗುತ್ತಿದೆ ಅಂತ ಅವಳಿಗೆ. ಹೊಸದರಲ್ಲಿ ಮಗುವಿಗೆ ಬರುವ ಭಾಷೆಯಲ್ಲೇ ಮಾತಾಡಿ.

ಒಳ್ಳೆಯ ಮಗು ಹಠಮಾರಿ ಆದಾಗ

ಮೊದಲ ಕೆಲವು ವಾರ ಮಗು ಹೇಳಿದ್ದೆಲ್ಲ ಕೇಳುತ್ತದೆ. ನಮ್ಮ ಮಗಳು ತಟ್ಟೆ ತಾನೇ ತೊಳೆದಿಡುತ್ತಿದ್ದಳು, ನನ್ನನ್ನು ಸರ್ ಅನ್ನುತ್ತಿದ್ದಳು. ಒಂದು ರಾತ್ರಿ ಬ್ಯಾಗ್ ಪಕ್ಕ ಇಟ್ಟುಕೊಂಡು "ನಾ ಯಾವಾಗ ಹೋಗೂದ್ರಿ?" ಅಂತ ಕೇಳಿದಳು. ಎಲ್ಲ ಜಾಗವೂ ಸ್ವಲ್ಪ ದಿನಕ್ಕೆ ಮಾತ್ರ ಅನ್ನುವುದು ಅವಳ ಲೆಕ್ಕ.

ಆಮೇಲೆ ಬಿರುಗಾಳಿ. ಕಚ್ಚುವುದು, ಸ್ಲೇಟು ಒಡೆಯುವುದು, "ನೀ ನಮ್ಮವ್ವ ಅಲ್ಲ" ಅನ್ನುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು. ದತ್ತು ತಗೊಂಡವರು ಜಾಸ್ತಿ ಕುಗ್ಗುವುದು ಈ ಹೊತ್ತಿನಲ್ಲೇ. ನಾನು ಹೇಳುವುದು, ಇದು ಒಳ್ಳೆಯ ಗುರುತು. ಕೆಟ್ಟದಾಗಿ ನಡೆದುಕೊಂಡರೂ ಇಟ್ಟುಕೊಳ್ಳುತ್ತಾರಾ ಅಂತ ಮಗು ನೋಡುತ್ತಿರುತ್ತದೆ. ನೋಡುವಷ್ಟು ಧೈರ್ಯ ಬಂದಿದೆ ಅಂತ ಅರ್ಥ.

ಈ ಹೊತ್ತಿನಲ್ಲಿ ಬಾಯಿಗೆ ಬರಬಾರದ ಮಾತು ಒಂದಿದೆ. "ವಾಪಸ್ ಬಿಟ್ಟು ಬರ್ತೀನಿ." ತಮಾಷೆಗೂ ಬೇಡ. ಬೇರೆ ಮನೆಗಳಲ್ಲಿ ಅದು ಸುಮ್ನೆ ಹೆದರಿಸುವ ಮಾತು, ಇಲ್ಲಿ ಅದು ಒಂದು ಸಲ ನಡೆದುಹೋದ ಸಂಗತಿ. ಹೊಡೆಯುವುದೂ ಬೇಡ. ಕೋಣೆಗೆ ಹಾಕಿ ಬಾಗಿಲು ಹಾಕುವುದು ಹೊಡೆತಕ್ಕಿಂತ ಕೆಟ್ಟದ್ದು. ಪಕ್ಕದಲ್ಲಿ ಕೂತು, ಕಚ್ಚದಂತೆ ಕೈ ಹಿಡಿದು, "ನೀನು ಎಷ್ಟು ಕೂಗಾಡಿದರೂ ನಾನು ಇಲ್ಲೇ ಇರ್ತೀನಿ" ಅನ್ನಬೇಕು. ಆ ಮಾತನ್ನು ನೂರು ಸಲ ಹೇಳಬೇಕಾಗುತ್ತದೆ. ಅದೇ ಮಗು ಮರುದಿನ ಕೂಸಿನ ಹಾಗೆ ಮಡಿಲಲ್ಲಿ ಮಲಗಿ ಲೋಟದಲ್ಲಿ ಹಾಲು ಕುಡಿಸು ಅನ್ನಬಹುದು. ಕುಡಿಸಿ. ಕೂಸಾಗಿದ್ದಾಗ ಸಿಗದದ್ದನ್ನು ಈಗ ತಗೊಳ್ಳುತ್ತಿದೆ.

ದೊಡ್ಡವರ ಮನಸ್ಸಿನ ಬಗ್ಗೆಯೂ ಹೇಳಬೇಕು. ಕಂಡ ಕ್ಷಣವೇ ಪ್ರೀತಿ ಉಕ್ಕುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಜನಕ್ಕೆ ಉಕ್ಕುವುದಿಲ್ಲ. ವರ್ಷಗಟ್ಟಲೆ ಕಾದ ತಾಯಿ ಮಗು ಬಂದ ಮೇಲೆ ಬಚ್ಚಲಲ್ಲಿ ನಿಂತು ಅಳುತ್ತಾಳೆ. "ಬೇಕು ಬೇಕು ಅಂತ ತಂದ್ರಲ್ಲಾ" ಅಂತಾರೆ ಅಂತ ಯಾರಿಗೂ ಹೇಳುವುದಿಲ್ಲ. ಗಂಡಸರಂತೂ ಬಾಯೇ ಬಿಡುವುದಿಲ್ಲ. ಮೊದಲು ಕೆಲಸ ಮಾಡಿ, ಊಟ ಹಾಕಿ, ತಲೆ ಬಾಚಿ. ಪ್ರೀತಿ ಆ ಕೆಲಸದ ಹಿಂದೆ ನಿಧಾನಕ್ಕೆ ಬರುತ್ತದೆ. ಬಾರದೆ ಮನಸ್ಸು ಕತ್ತಲಾದರೆ ಡಾಕ್ಟರ ಹತ್ತಿರ ಹೋಗಿ, ನಾಚಿಕೆ ಬೇಡ.

ಸಾಲಿನಲ್ಲಿ ನಿಂತವರಿಗೆ ಉತ್ತರ

ನನ್ನ ಡೇರಿಯಲ್ಲಿ ಕೇಳಿದ ಮಾತುಗಳು ಇವು, ನಿಮ್ಮೂರಲ್ಲೂ ಇವೇ ಇರುತ್ತವೆ.

"ಯಾವ ಜಾತೀದೋ ಏನೋ ಸೆಕ್ರೆಟ್ರೀ?" ನಾನು: "ನಮ್ಮನೆ ಜಾತಿ. ಕ್ಯಾನ್ ಮುಂದೆ ತಗೊಳ್ಳಿ."

"ನಿಮಗೆ ಪುಣ್ಯ ಬರುತ್ತೆ ಬಿಡಿ." ಇದು ಒಳ್ಳೆಯ ಮನಸ್ಸಿನಿಂದ ಬರುವ ಮಾತು, ಅದಕ್ಕೇ ಜಾಸ್ತಿ ತೊಂದರೆ. ಪಕ್ಕದಲ್ಲಿ ನಿಂತ ಮಗುವಿಗೆ ತಾನೊಂದು ದಾನದ ವಸ್ತು ಅಂತ ಕೇಳಿಸುತ್ತದೆ. ನಾನು: "ಪುಣ್ಯ ಗಿಣ್ಯ ಏನಿಲ್ಲ ಅಣ್ಣಾ, ನಮಗೆ ಮಗಳು ಬೇಕಿತ್ತು." ಮಗು ಋಣಿಯಾಗಿರಬೇಕು ಅಂತ ನೀವೂ ಕಾಯಬೇಡಿ. ಯಾವ ಮಗು ತಾನೇ ಅನ್ನ ಹಾಕಿದ್ದಕ್ಕೆ ಅಪ್ಪನಿಗೆ ಥ್ಯಾಂಕ್ಸ್ ಹೇಳುತ್ತದೆ?

"ನಿಜವಾದ ಅಪ್ಪ ಅಮ್ಮ ಯಾರು ಪುಟ್ಟಾ?" ಅಂತ ಮಗುವನ್ನೇ ಕೇಳುವವರಿದ್ದಾರೆ. ಇಲ್ಲಿ ನಗುತ್ತಾ ಉತ್ತರ ಕೊಡಬೇಡಿ. "ಅದನ್ನ ಅವಳ ಹತ್ತಿರ ಕೇಳಬೇಡಿ" ಅಂತ ನೇರ ಹೇಳಿ. ಮಗುವಿಗೂ ಒಂದು ಮಾತು ಕಲಿಸಿಡಿ: "ಅದು ನಮ್ಮ ಮನೆ ವಿಷಯ."

ದತ್ತು ಅಂತ ಮಗುವಿಗೆ ಹೇಳುವುದು ಯಾವಾಗ

ಮೊದಲ ದಿನದಿಂದ. ಐದು ವರ್ಷದ ಮಗುವಿಗೆ ನೆನಪಿರುತ್ತದೆ, ಅಲ್ಲಿ ಗುಟ್ಟೇ ಇಲ್ಲ. ಕೂಸನ್ನು ತಂದವರೇ ಮುಚ್ಚಿಡಲು ನೋಡುತ್ತಾರೆ. ಹಳ್ಳಿಯಲ್ಲಿ ಮುಚ್ಚಿಡಲು ಆಗುತ್ತದಾ? ಆರನೇ ಕ್ಲಾಸಿನಲ್ಲಿ ಯಾವನೋ ಜಗಳದಲ್ಲಿ ಹೇಳುತ್ತಾನೆ. ಆಗ ಮಗುವಿಗೆ ದತ್ತು ವಿಷಯಕ್ಕಿಂತ ನೀವು ಇಷ್ಟು ವರ್ಷ ಹೇಳಲಿಲ್ಲ ಅನ್ನುವುದೇ ದೊಡ್ಡದಾಗುತ್ತದೆ. ಕೂಸಿಗೂ ಮಲಗಿಸುವಾಗ ಕಥೆಯ ಹಾಗೆ ಹೇಳುತ್ತಾ ಬನ್ನಿ.

ಹೆತ್ತ ತಾಯಿಯನ್ನು ಬೈಯಬೇಡಿ, ದೇವತೆ ಮಾಡಿ ಕಥೆ ಕಟ್ಟುವುದೂ ಬೇಡ. "ನಿನ್ನನ್ನು ಹೆತ್ತಮ್ಮನಿಗೆ ಆಗ ಸಾಕಲು ಆಗಲಿಲ್ಲ. ಅದರಲ್ಲಿ ನಿನ್ನ ತಪ್ಪು ಏನೂ ಇಲ್ಲ." ಎರಡನೇ ಸಾಲು ಮುಖ್ಯ. ಮಕ್ಕಳು ತಮ್ಮ ತಪ್ಪಿಗೇ ಬಿಟ್ಟರು ಅಂದುಕೊಂಡಿರುತ್ತಾರೆ. ಕೇಂದ್ರದ ಫೋಟೋ, ಆಯಾ ಫೋಟೋ, ಬರುವಾಗಿನ ರೈಲು ಟಿಕೆಟ್ ಎಲ್ಲ ಒಂದು ಪುಸ್ತಕಕ್ಕೆ ಅಂಟಿಸಿಡಿ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲ ಹುಡುಕಲು ಮಗು ತಾನೇ ಅರ್ಜಿ ಹಾಕಬಹುದು, ನಿಯಮದಲ್ಲೇ ಇದೆ. ಅದನ್ನು ಕೇಳಿ ಎದೆ ಒಡೆದುಕೊಳ್ಳುವುದು ಬೇಡ.

ಶಾಲೆಯ ಟೀಚರಿಗೆ ಮೊದಲೇ ಹೋಗಿ ಹೇಳಿ. ವಂಶವೃಕ್ಷ ಬರೆಸುವ ಪಾಠ, ಹುಟ್ಟಿದಾಗಿನ ಫೋಟೋ ತನ್ನಿ ಅನ್ನುವ ಪಾಠ ಬಂದೇ ಬರುತ್ತದೆ. ಮಗು ಕ್ಲಾಸಿನಲ್ಲಿ ಹಿಂದೆ ಇದ್ದರೆ ದಡ್ಡಿ ಅನ್ನದಂತೆ ನೋಡಿಕೊಳ್ಳಿ. ನಮ್ಮ ಮಗಳಿಗೆ ಮಗ್ಗಿ ಹತ್ತಲು ಬಹಳ ಕಾಲ ಹಿಡಿಯಿತು, ಡೇರಿಯ ಫ್ಯಾಟ್ ಲೆಕ್ಕ ಮಾತ್ರ ಬೇಗ ಹತ್ತಿತು.

ಅಣ್ಣನ ಮಗು, ತಂಗಿಯ ಮಗು ಅಂತ ನೆಂಟರಲ್ಲೇ ತಗೊಳ್ಳುವುದು ನಮ್ಮ ಕಡೆ ಜಾಸ್ತಿ. ಹಿಂದೂಗಳಿಗೆ 1956ರ ದತ್ತು ಕಾಯಿದೆ ಪ್ರಕಾರ ಅದು ನಡೆಯುತ್ತದೆ, ಮಗುವಿಗೆ ಸಾಮಾನ್ಯವಾಗಿ 15 ತುಂಬಿರಬಾರದು. ಪತ್ರ ಬರೆದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಮಾಡಿಸಿ, ಬಾಯಿಮಾತಿನಲ್ಲಿ ಬಿಡಬೇಡಿ. ಇಲ್ಲಿ ಕಷ್ಟ ಬೇರೆ. ಹೆತ್ತಮ್ಮ ಎದುರು ಮನೆಯಲ್ಲೇ ಚಿಕ್ಕಮ್ಮನಾಗಿ ಓಡಾಡುತ್ತಿರುತ್ತಾಳೆ. ಯಾರು ಬೈಯಬಹುದು, ಯಾರು ತೀರ್ಮಾನ ಮಾಡಬೇಕು ಅಂತ ದೊಡ್ಡವರು ಮೊದಲೇ ಕೂತು ಮಾತಾಡಿಕೊಳ್ಳಬೇಕು.

ಸ್ವಲ್ಪ ಕಾಲಕ್ಕೆ ಸಾಕುವುದು

ದತ್ತು ಬೇರೆ, ಪೋಷಕತ್ವ ಬೇರೆ. ಫಾಸ್ಟರ್ ಕೇರ್ ಅಂತಾರಲ್ಲ, ಅದು. ಮಗುವಿನ ತಾಯಿ ಆಸ್ಪತ್ರೆಯಲ್ಲೋ ಜೈಲಲ್ಲೋ ಇರುತ್ತಾಳೆ, ಇಲ್ಲವೇ ದತ್ತು ಹೋಗದೆ ಉಳಿದ ದೊಡ್ಡ ಮಗು. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಅಂಥ ಮಗು ನಿಮ್ಮ ಮನೆಯಲ್ಲಿ ಬೆಳೆಯುತ್ತದೆ. ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರಿ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿ ನೆರವು ಇದೆ. 2024ರ ಹೊಸ ಮಾರ್ಗಸೂಚಿ ಬಂದ ಮೇಲೆ 35ರಿಂದ 60 ವರ್ಷದೊಳಗಿನ ಒಂಟಿ ಜನರೂ ಸಾಕಬಹುದು, ಗಂಡಸಾದರೆ ಗಂಡು ಮಗುವನ್ನು ಮಾತ್ರ. ಮಗು ದತ್ತಿಗೆ ಸಿಗುವಂತಿದ್ದರೆ ಎರಡು ವರ್ಷ ಸಾಕಿದ ಮೇಲೆ ದತ್ತು ಕೇಳಬಹುದು. ಮೊದಲು ಐದು ವರ್ಷ ಇತ್ತು.

ಹಾಸ್ಟೆಲಿನಲ್ಲಿ ಊಟ ಬಟ್ಟೆ ಸಿಗುತ್ತಲ್ಲ, ಮನೆ ಯಾಕೆ ಅಂತ ಕೇಳಬಹುದು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯದ 136 ಪುಟ್ಟ ಮಕ್ಕಳಲ್ಲಿ ಅರ್ಧ ಜನರನ್ನು ಹೀಗೆ ಸಾಕುವವರ ಮನೆಗೆ ಕಳಿಸಿ, ವರ್ಷಗಟ್ಟಲೆ ಹೋಲಿಸಿ ನೋಡಿದ್ದಾರೆ. ಮನೆ ಸಿಕ್ಕವರ ಬುದ್ಧಿ, ಮಾತು, ನಂಟು ಚೇತರಿಸಿಕೊಂಡಿತು. ಎರಡು ವರ್ಷದೊಳಗೆ ಸಿಕ್ಕವರಲ್ಲಿ ಇನ್ನೂ ಜಾಸ್ತಿ.

ನಮ್ಮಾಕೆಯ ಅಕ್ಕ ಬಂಗಾರಪೇಟೆ ಹತ್ತಿರ ಒಬ್ಬ ಹುಡುಗನನ್ನು ಹೀಗೆ ಸಾಕಿದರು. ತಾಯಿ ಹುಷಾರಾದಳು, ಹುಡುಗ ಅವಳ ಹತ್ತಿರ ವಾಪಸ್ ಹೋದ. ಅಕ್ಕ ಮೊದಲೇ ಸಿದ್ಧರಾಗಿದ್ದರು. ಅವರ ಸ್ವಂತ ಮಗನನ್ನು ಯಾರೂ ಸಿದ್ಧ ಮಾಡಿರಲಿಲ್ಲ. ಅವನು ತನ್ನ ಸೈಕಲ್ ಬೀಗ ಹಾಕಿಟ್ಟು ಸ್ಕೂಲಿಗೆ ನಡೆದು ಹೋಗಲು ಶುರುಮಾಡಿದ, ಯಾಕೆ ಅಂತ ಕೇಳಿದರೆ "ಇಬ್ಬರೂ ಹೋಗ್ತಿದ್ವಿ" ಅಂದ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನು ಮೊದಲೇ ಕೂರಿಸಿಕೊಂಡು ಹೇಳಿ, "ಅವನು ಹೋಗಬಹುದು, ಹೋದರೆ ಬೇಜಾರಾಗುತ್ತೆ, ಆಗಲಿ" ಅಂತ. ಹೋಗುವ ದಿನ ಗೊತ್ತಾದ ಮೇಲೆ ಗುಟ್ಟು ಮಾಡಬೇಡಿ. ಬಟ್ಟೆ, ಆಟದ ಸಾಮಾನು ಎಲ್ಲ ಕೊಟ್ಟು ಕಳಿಸಿ. ತಾಯಿ ಒಪ್ಪಿದರೆ ಆಗಾಗ ಫೋನ್ ಮಾಡಿ.

ಸಹಾಯ ಎಲ್ಲಿ

ದತ್ತು ಆದ ಮೇಲೆ ಎರಡು ವರ್ಷ, ಆರು ತಿಂಗಳಿಗೊಂದು ಸಲ ಸೋಷಿಯಲ್ ವರ್ಕರ್ ಬರುತ್ತಾರೆ. ಅವರನ್ನು ಇನ್‌ಸ್ಪೆಕ್ಟರ್ ಬಂದ ಹಾಗೆ ನೋಡಬೇಡಿ. ಮನೆ ಸಾರಿಸಿ, ಮಗುವಿಗೆ ಹೊಸ ಬಟ್ಟೆ ಹಾಕಿ, ಎಲ್ಲ ಚೆನ್ನಾಗಿದೆ ಅಂದರೆ ಬಂದದ್ದೂ ದಂಡ. ಕಚ್ಚಿದ ಗುರುತು ಇದ್ದರೆ ತೋರಿಸಿ. ವರ್ಷ ಕಳೆದರೂ ಮಗು ಯಾರನ್ನೂ ಹಚ್ಚಿಕೊಳ್ಳದಿದ್ದರೆ, ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ನಿದ್ದೆಯೇ ಇಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಸ್ಸಿಗೇ ಬೇರೆ ವಿಭಾಗ ಇದೆ. ಮುಳಬಾಗಿಲಿನಿಂದ ಮುಂಜಾನೆ ಬಸ್ಸಿಗೆ ಹೊರಟರೆ ಹೊತ್ತಿಗೆ ತಲುಪಬಹುದು. ತುರ್ತು ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ. ನಿಮ್ಹಾನ್ಸ್‌ಗೆ ಹೋಗುವಾಗ ಕೇಂದ್ರದವರು ಕೊಟ್ಟ ಹಳೇ ಫೈಲಿನ ಜೆರಾಕ್ಸ್ ಮರೆಯದೆ ತಗೊಂಡು ಹೋಗಿ, ಡಾಕ್ಟರು ಮೊದಲು ಕೇಳುವುದು ಅದನ್ನೇ.